ಡಿಜಿಟಲ್ ಹಾಡಿಗೆ ಟೇಪು ಸೇರಿಸುವ ಪಂಚಮ

ಇಂದಿನ ಬಹುತೇಕ ಹಾಡುಗಳು ಹುಟ್ಟುವುದು ಕಂಪ್ಯೂಟರಿನಲ್ಲಿ. ಮೈಕಿಗೆ ಬಿದ್ದ ದನಿ ಅಂಕಿಗಳಾಗಿ ಡಿಸ್ಕಿಗೆ ಇಳಿಯುತ್ತದೆ, ಮಿಕ್ಸಿಂಗ್ ಕೂಡ ಅಲ್ಲೇ ಮುಗಿಯುತ್ತದೆ. ಆದರೂ ಅಮೆರಿಕ, ಯುರೋಪಿನ ಕೆಲವು ಮಾಸ್ಟರಿಂಗ್ ಎಂಜಿನಿಯರುಗಳು ಕೊನೆಯ ಹಂತದಲ್ಲಿ ಹಾಡನ್ನು ಹೊರತೆಗೆದು, 1976ರಲ್ಲಿ ಬಂದ ಆಂಪೆಕ್ಸ್ ಎಟಿಆರ್-102ರಂಥ ಟೇಪ್ ಯಂತ್ರದಲ್ಲಿ ಮುದ್ರಿಸಿ, ಅದನ್ನು ಮತ್ತೆ ಅಂಕಿಗಳಾಗಿಸಿಕೊಳ್ಳುತ್ತಾರೆ. ನಮ್ಮ ಫೋನಿಗೆ ಬರುವುದು ಹೇಗಿದ್ದರೂ ಡಿಜಿಟಲ್ ಫೈಲು. ನಡುವೆ ಈ ಬಳಸುದಾರಿ ಏಕೆ?

ಡಿಜಿಟಲ್ ದನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಟೇಪು ಅದನ್ನು ನುಣುಪು ಮಾಡುತ್ತದೆ ಎನ್ನುವವರಿದ್ದಾರೆ. ಅದು ತಪ್ಪು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಮನುಷ್ಯರಿಗೆ ಕೇಳಿಸುವ 20,000 ಹರ್ಟ್ಜ್‌ವರೆಗಿನ ಅಲೆಯನ್ನು ಅಷ್ಟರಿಂದ ಎಲ್ಲೂ ತುಂಡಾಗದಂತೆ ಮರಳಿ ಕಟ್ಟಬಹುದು. ಕ್ಲಾಡ್ ಶಾನನ್ 1949ರಲ್ಲೇ ಇದರ ಗಣಿತವನ್ನು ಬಿಡಿಸಿಟ್ಟಿದ್ದರು. ಹಿನ್ನೆಲೆಯ ಗುಸುಗುಸು ಸದ್ದೂ ಟೇಪಿನಲ್ಲೇ ಹೆಚ್ಚು. ಮೂಲಕ್ಕೆ ನಿಷ್ಠೆಯನ್ನಷ್ಟೇ ಅಳೆದರೆ ಟೇಪು ಸೋಲುತ್ತದೆ. ಅದು ದನಿಗೆ ತನ್ನದೂ ಒಂದಿಷ್ಟನ್ನು ಬೆರೆಸುತ್ತದೆ, ಎಂಜಿನಿಯರಿಗೆ ಬೇಕಾದದ್ದು ಅದೇ.

ಟೇಪೆಂದರೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ. ರೆಕಾರ್ಡಿಂಗ್ ಹೆಡ್ಡಿನ ಕಾಂತಕ್ಷೇತ್ರ ಆ ಕಣಗಳನ್ನು ಕಾಂತಗಳಾಗಿಸುತ್ತದೆ. ಸಣ್ಣ ಬಲಕ್ಕೆ ಅವು ಸುಲಭವಾಗಿ ಜಗ್ಗುವುದಿಲ್ಲ, ಹೀಗಾಗಿ ಮೊದಮೊದಲು ಮೆಲುದನಿ ಕೆಟ್ಟುಹೋಗುತ್ತಿತ್ತು. 1940ರಲ್ಲಿ ಜರ್ಮನಿಯ ರೇಡಿಯೋ ಸಂಸ್ಥೆಯ ವಾಲ್ಟರ್ ವೇಬರ್ ಮತ್ತು ಹಾನ್ಸ್ ಯೋಆಖಿಮ್ ಫಾನ್ ಬ್ರೌನ್‌ಮ್ಯೂಲ್ ಸಂಗೀತದ ಜೊತೆಗೆ ಕಿವಿಗೆ ಎಟುಕದಷ್ಟು ವೇಗದ ಕಂಪನವನ್ನು ಬೆರೆಸಿ ಈ ಜಡತೆಯನ್ನು ಕಳೆದರು. ಬಯಾಸ್ ಎಂದು ಅದರ ಹೆಸರು.

ಮೆಲುದನಿಯ ತೊಂದರೆ ನೀಗಿತು, ಜೋರುದನಿಯ ಸ್ವಭಾವ ಉಳಿಯಿತು. ಬಹುಪಾಲು ಕಣಗಳು ಒಂದೇ ದಿಕ್ಕಿಗೆ ತಿರುಗಿದ ಮೇಲೆ ಬಲ ಎಷ್ಟೇ ಹೆಚ್ಚಿಸಿದರೂ ಕಾಂತತೆ ಅಷ್ಟಾಗಿ ಏರದು. ಕಂಪ್ಯೂಟರಿನಲ್ಲಾದರೆ ಗರಿಷ್ಠ ಅಂಕಿಯನ್ನು ಮುಟ್ಟಿದ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ ದನಿ ಕರ್ಕಶವಾಗುತ್ತದೆ. ಟೇಪಿನಲ್ಲಿ ಅಲೆ ಮೆಲ್ಲನೆ ಬಾಗುತ್ತದೆ, ಡ್ರಮ್ಮಿನ ಪೆಟ್ಟಿನ ಮೊನೆ ದುಂಡಗಾಗುತ್ತದೆ.

ನನಗೆ ಅತಿ ಸೊಗಸೆನಿಸುವುದು ಇದರ ಮುಂದಿನ ಪರಿಣಾಮ. ಬಾಗಿದ ಅಲೆಯಲ್ಲಿ ಮೂಲದಲ್ಲಿಲ್ಲದ ಕಂಪನಗಳು ಹುಟ್ಟುತ್ತವೆ. ಟೇಪು ಅಲೆಯ ಮೇಲು ಕೆಳಗನ್ನು ಒಂದೇ ತೆರನಾಗಿ ಬಾಗಿಸುವುದರಿಂದ, ಅವುಗಳಲ್ಲಿ ಮೂರು ಪಟ್ಟಿನದೇ ಪ್ರಧಾನ. ಷಡ್ಜ 140 ಹರ್ಟ್ಜ್ ಎಂದುಕೊಳ್ಳಿ. ಹುಟ್ಟುವುದು 420, ಅಂದರೆ ತಾರಸ್ಥಾಯಿಯ ಪಂಚಮ! ತಂಬೂರಿಯ ಷಡ್ಜದ ತಂತಿಯನ್ನು ಕಿವಿಗೊಟ್ಟು ಕೇಳಿದವರಿಗೆ ಈ ಪಂಚಮ ಹೊಸದಲ್ಲ. ಹಾಗಾಗಿ ಸೇರ್ಪಡೆ ಹದವಾಗಿದ್ದರೆ ಕಿವಿ ಅದನ್ನು ದೋಷವೆನ್ನದೆ ದನಿಯ ತುಂಬುತನ ಎಂದುಕೊಳ್ಳುತ್ತದೆ. ಹದ ಮುಖ್ಯ. ಹಲವು ಸ್ವರಗಳು ಒಟ್ಟಿಗೆ ನುಡಿಯುವಾಗ ಅವುಗಳ ಕೂಡು ಕಳೆಯುವಿಕೆಯಿಂದ ಯಾವ ಸ್ವರಕ್ಕೂ ಸಲ್ಲದ ಕಂಪನಗಳೂ ಏಳುತ್ತವೆ. ಮಟ್ಟ ಮೀರಿದರೆ ಹಾಡು ಕೆಸರಾಗುತ್ತದೆ.

ಇನ್ನೊಂದು ಗುಣ ಹೆಡ್ಡಿನ ಆಕಾರದಿಂದ ಬರುವುದು: ಕೆಳಗಿನ ಕಂಪನಗಳ ಒಂದು ಭಾಗ ತುಸು ಉಬ್ಬುತ್ತದೆ. ಟೇಪಿನ ವೇಗವನ್ನು ಸೆಕೆಂಡಿಗೆ 30 ಇಂಚಿನಿಂದ 15ಕ್ಕೆ ಇಳಿಸಿದರೆ ಆ ಉಬ್ಬು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಬಾಸ್ ಗಿಟಾರ್ ಹೇಗೆ ಕೇಳಿಸಬೇಕೆಂಬುದನ್ನು ನೋಡಿಕೊಂಡು ವೇಗವನ್ನು ಆರಿಸುವುದೂ ಉಂಟು.

ಟೇಪು ಬೆರೆಸಿದ ಈ ಬಣ್ಣ ಮತ್ತೆ ಅಂಕಿಗಳಾದಾಗ ಉಳಿಯುತ್ತದೆಯೇ? ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಹಳೆಯ ಟೇಪುಗಳಿಂದ ವಿನೈಲ್ ರೆಕಾರ್ಡು ಮಾಡುವಾಗ ನಡುವೆ ಡಿಜಿಟಲ್ ಪ್ರತಿಯನ್ನು ಬಳಸುತ್ತಿದ್ದುದು 2022ರಲ್ಲಿ ಬಯಲಾಯಿತು. ಅಪ್ಪಟ ಅನಲಾಗ್ ಎಂದು ನಂಬಿ ವರ್ಷಗಟ್ಟಲೆ ಮೆಚ್ಚಿದ್ದವರು ಸಿಟ್ಟಾದರು. ಮುಚ್ಚಿಟ್ಟದ್ದು ತಪ್ಪೇ. ಆದರೆ ಅವರ ಕಿವಿ ಮೋಸಹೋಗಿರಲಿಲ್ಲ: ಟೇಪಿನ ಬಣ್ಣ ಅಂಕಿಗಳಲ್ಲೂ ಕೆಡದೆ ಉಳಿದಿತ್ತು.

ಆ ಬಣ್ಣವನ್ನು ಲೆಕ್ಕಹಾಕಿಯೇ ಹುಟ್ಟಿಸುವ ಸಾಫ್ಟ್‌ವೇರುಗಳು ಈಗ ಸಾಕಷ್ಟಿವೆ. ಯಂತ್ರಕ್ಕಾದರೆ ಹೆಡ್ಡಿನ ಕೋನವನ್ನು ಆಗಾಗ ಸರಿಪಡಿಸಬೇಕು, ಟೇಪಿನ ತಳಿ ಬದಲಾದಾಗ ಬಯಾಸನ್ನು ಮತ್ತೆ ಹೊಂದಿಸಬೇಕು. ಈ ಆರೈಕೆ ಸಿಗದ ಆಂಪೆಕ್ಸಿಗಿಂತ ಒಳ್ಳೆಯ ಸಾಫ್ಟ್‌ವೇರೇ ಮೇಲೆಂದು ನನ್ನ ಅಭಿಪ್ರಾಯ.