ಹಾಯಿದೋಣಿಗೆ ಬಿಡಿಭಾಗ ಕೊಳ್ಳುವ ವಿಜ್ಞಾನ

ರಸ್ತೆಯಲ್ಲಿ ವಾಹನವೊಂದು ಕೆಟ್ಟು ನಿಂತರೆ ಅದನ್ನು ಹೇಗಾದರೂ ಸಮೀಪದ ಊರಿಗೆ ಸಾಗಿಸಬಹುದು. ಕೋಲಾರದಲ್ಲಿ ದೊರೆಯದ ಭಾಗವನ್ನು ಬೆಂಗಳೂರಿನಿಂದ ತರಿಸಬಹುದು. ಆದರೆ ದಡದಿಂದ ಸಾವಿರ ಮೈಲಿ ದೂರದಲ್ಲಿ, ಗಾಳಿಯನ್ನೇ ನಂಬಿ ಸಾಗುತ್ತಿರುವ ಹಾಯಿದೋಣಿಯಲ್ಲಿ ಸಣ್ಣದೊಂದು ಕೀಲು ಮುರಿದರೆ ಯಾವ ಅಂಗಡಿಯ ಬಾಗಿಲನ್ನು ತಟ್ಟುವುದು? ದೂರಪ್ರಯಾಣದ ನಾವಿಕನಿಗೆ ಬಿಡಿಭಾಗಗಳ ಪೆಟ್ಟಿಗೆಯು ಅನ್ನ ನೀರುಗಳಷ್ಟೇ ಮುಖ್ಯವಾದುದು.

ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯುಂಟು. ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಗೋವೆಯಲ್ಲಿ ನಿರ್ಮಾಣವಾದ ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ 2017ನೆಯ ಸೆಪ್ಟೆಂಬರ್ 10ರಂದು ಭೂಪ್ರದಕ್ಷಿಣೆಗೆ ಹೊರಟರು. ಭಯಂಕರವಾದ ಹಾರ್ನ್ ಭೂಶಿರವನ್ನು ದಾಟಿ ಬಂದ ಆ ನೌಕೆಯು, ಕೇಪ್‌ಟೌನಿನಿಂದ ಗೋವೆಗೆ ಮರಳುವ ಕೊನೆಯ ಹಂತದಲ್ಲಿ, ಚುಕ್ಕಾಣಿಯ ಯಂತ್ರಭಾಗವು ಕೆಟ್ಟುದರಿಂದ ಮಾರಿಷಸ್ಸಿನ ಪೋರ್ಟ್ ಲೂಯಿ ಬಂದರಿಗೆ ತಿರುಗಬೇಕಾಯಿತು. ದುರಸ್ತಿಯ ನಂತರವೇ ಅದು ಮುಂದೆ ಸಾಗಿ, 2018ನೆಯ ಮೇ 21ರಂದು ಗೋವೆಯನ್ನು ಮುಟ್ಟಿತು. ಬಿರುಗಾಳಿಗೆ ಬಗ್ಗದ ನೌಕೆಯನ್ನೂ ಒಂದು ಭಾಗದ ದೋಷವು ದಾರಿ ತಪ್ಪಿಸಬಲ್ಲದು!

ನಮ್ಮ ಪಶ್ಚಿಮ ಕರಾವಳಿಯ ಹಿಂದಿನ ಹಾಯಿಹಡಗುಗಳ ಸಾಮಗ್ರಿಯು ಬಹುಮಟ್ಟಿಗೆ ನೆರೆಯಲ್ಲಿಯೇ ದೊರೆಯುತ್ತಿತ್ತು. ಕೂವೆಕಂಬಕ್ಕೆ ಬೇಕಾದ ನೀಳವಾದ ಪೂನ್ ಮರವು ಕನ್ನಡ ಜಿಲ್ಲೆಯ ಮತ್ತು ಕೊಡಗಿನ ಕಾಡುಗಳಲ್ಲಿ ಬೆಳೆಯುತ್ತಿತ್ತು. ಹಗ್ಗಕ್ಕೆ ತೆಂಗಿನ ನಾರಿತ್ತು. ಅದು ಉಪ್ಪುನೀರಿನಲ್ಲಿ ಬೇಗನೆ ಕೊಳೆಯದು, ನೀರಿನ ಮೇಲೆ ತೇಲುವುದು, ಅಲೆಯ ಎಳೆತಕ್ಕೆ ಹಿಗ್ಗಿಕೊಡುವುದು. ಇಂದಿನ ದೋಣಿಯಾದರೋ ಅಲ್ಯೂಮಿನಿಯಂ, ತುಕ್ಕುಹಿಡಿಯದ ಉಕ್ಕು, ಕೃತಕ ನೂಲುಗಳಿಂದಾದುದು. ಅದರ ಭಾಗಗಳನ್ನು ಕೊಳ್ಳುವವನು ಪದಾರ್ಥಗಳ ಗುಣವನ್ನು ಅರಿತಿರಬೇಕು.

ಮೊದಲು ಹಗ್ಗವನ್ನು ನೋಡೋಣ. ಗಟ್ಟಿಯಾದ ಹಗ್ಗವೆಲ್ಲ ಎಲ್ಲ ಕೆಲಸಕ್ಕೂ ಒದಗುವುದೆಂಬುದು ತಪ್ಪು ಎಣಿಕೆ. ನೈಲಾನ್ ಹಗ್ಗವು ಚೆನ್ನಾಗಿ ಹಿಗ್ಗುತ್ತದೆ. ಆದುದರಿಂದ ಅಲೆಯ ಹೊಡೆತವನ್ನು ತಾಳಬೇಕಾದ ಲಂಗರಿಗೆ ಅದು ಯೋಗ್ಯ. ಅದೇ ಹಗ್ಗದಿಂದ ಹಾಯಿಯನ್ನು ಮೇಲೆತ್ತಿ ಕಟ್ಟಿದರೆ ಗಾಳಿ ಬಲವಾದಂತೆಲ್ಲ ಹಾಯಿಯು ಸಡಿಲಗೊಳ್ಳುತ್ತದೆ. ಅಲ್ಲಿಗೆ ಅಲ್ಪವಾಗಿ ಹಿಗ್ಗುವ ಪಾಲಿಯೆಸ್ಟರ್ ಬೇಕು. ಇವೆರಡಕ್ಕೂ ಸೂರ್ಯನ ನೇರಳಾತೀತ ಕಿರಣಗಳೂ ಉಜ್ಜಾಟವೂ ಶತ್ರುಗಳೇ.

ಲೋಹಗಳ ವಿಷಯವು ಇನ್ನೂ ಸ್ವಾರಸ್ಯವಾದುದು. ಕೂವೆಕಂಬವನ್ನು ಬಿಗಿದು ನಿಲ್ಲಿಸುವ ತಂತಿಹಗ್ಗಗಳು ಸಾಮಾನ್ಯವಾಗಿ ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕಿನವು. ಗಾಳಿಯ ಆಮ್ಲಜನಕದೊಡನೆ ಕ್ರೋಮಿಯಂ ಸೇರಿ ಉಂಟಾಗುವ ತೆಳುವಾದ ಪೊರೆಯೇ ಈ ಉಕ್ಕಿನ ಕವಚ. ಆದರೆ ತಂತಿಯು ಲೋಹದ ತುದಿಯೊಳಕ್ಕೆ ಸೇರುವ ಇಕ್ಕಟ್ಟಾದ ಸಂದಿನಲ್ಲಿ ಉಪ್ಪುನೀರು ನಿಂತರೆ, ಅಲ್ಲಿ ಆಮ್ಲಜನಕವು ಸಾಲದೆ ಪೊರೆಯು ಹಾಳಾಗುತ್ತದೆ. ಹೊರಗೆ ಥಳಥಳಿಸುವ ತಂತಿಯು ಒಳಗೊಳಗೇ ಸವೆಯುತ್ತದೆ. ಅನೇಕರು ಸುಮಾರು ಹತ್ತು ವರ್ಷಗಳಿಗೊಮ್ಮೆ, ಕಣ್ಣಿಗೆ ದೋಷ ಕಾಣದಿದ್ದರೂ, ಈ ತಂತಿಗಳನ್ನು ಬದಲಾಯಿಸುವುದು ಈ ಕಾರಣದಿಂದಲೇ.

ಎರಡು ಬಗೆಯ ಲೋಹಗಳು ಒಂದನ್ನೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅವು ವಿದ್ಯುತ್ಕೋಶದಂತೆ ವರ್ತಿಸುತ್ತವೆ. ಒಂದು ಉಳಿದು ಮತ್ತೊಂದು ಕರಗುತ್ತದೆ. ಕಂಚಿನ ಚಕ್ರವನ್ನು ಉಳಿಸಲು ಅದರ ದಂಡಕ್ಕೆ ಸತುವಿನ ತುಂಡನ್ನು ಕಟ್ಟುತ್ತಾರೆ. ಸತುವು ತಾನು ಕರಗಿ ಕಂಚನ್ನೂ ಉಕ್ಕನ್ನೂ ಕಾಯುತ್ತದೆ. ಹಿತ್ತಾಳೆಯಲ್ಲಿ ಸತುವು ಬೆರೆತೇ ಇರುವುದರಿಂದ, ಸಾಮಾನ್ಯ ಹಿತ್ತಾಳೆಯ ಕವಾಟವನ್ನು ನೀರಿನ ಮಟ್ಟದ ಕೆಳಗೆ ಕೂಡಿಸಿದರೆ, ಕ್ರಮೇಣ ಸತುವು ಕರಗಿಹೋಗಿ ದುರ್ಬಲವಾದ ತಾಮ್ರದ ಜಾಳು ಮಾತ್ರ ಉಳಿಯುತ್ತದೆ. ಅಗ್ಗವೆಂದು ಕೊಂಡ ಕವಾಟವೇ ದೋಣಿಯನ್ನು ಮುಳುಗಿಸಬಹುದು.

ಇನ್ನು ಅಳತೆಯ ಮಾತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು ತಿರುಪಿನ ಎಳೆಗಳಿಗೆ ಏಕರೀತಿಯ ಅಳತೆಯನ್ನು ಸೂಚಿಸಿದನು. ಆದರೂ ಅಂಗುಲದ ತಿರುಪು, ಮಿಲಿಮೀಟರಿನ ತಿರುಪುಗಳೆಂಬ ಭೇದವು ಜಗತ್ತಿನಲ್ಲಿ ಉಳಿದುಕೊಂಡಿದೆ. 5/16 ಅಂಗುಲವೆಂದರೆ 7.94 ಮಿಲಿಮೀಟರು, 8 ಮಿಲಿಮೀಟರಿನ ತಿರುಪಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ತೋರದು. ಆದರೆ ಎಳೆಗಳ ಅಂತರವು ಬೇರೆಯಾದುದರಿಂದ ಒಂದರ ನಟ್ಟು ಮತ್ತೊಂದರ ಮೇಲೆ ಸರಿಯಾಗಿ ಕೂಡುವುದಿಲ್ಲ. ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದೂ, ಕೊಂಡುದನ್ನು ಬಂದರಿನಲ್ಲಿದ್ದಾಗಲೇ ಜೋಡಿಸಿ ನೋಡುವುದೂ ವಿವೇಕ.

ಎಲ್ಲವನ್ನೂ ಎರಡೆರಡು ಕೊಂಡೊಯ್ಯಲು ದೋಣಿಯಲ್ಲಿ ಎಡೆಯಿಲ್ಲ. ಆಯ್ಕೆಗೆ ಮೂರು ಪ್ರಶ್ನೆಗಳು ಸಾಕು. ಈ ಭಾಗವು ಮುರಿದರೆ ದೋಣಿಯು ಅಪಾಯಕ್ಕೆ ಸಿಲುಕುವುದೇ? ಸಮುದ್ರದ ನಡುವೆ ಇದನ್ನು ಬದಲಾಯಿಸಲು ಸಾಧ್ಯವೇ? ಬೇರೊಂದು ವಸ್ತುವಿನಿಂದ ಇದರ ಕೆಲಸವನ್ನು ಮಾಡಿಸಬಹುದೇ? ಚುಕ್ಕಾಣಿಯ ಭಾಗಗಳೂ ನೀರೆತ್ತುವ ಪಂಪಿನ ಪೊರೆಗಳೂ ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಪಡೆಯುವುದು ಈ ಲೆಕ್ಕದಿಂದ.

ಸಮುದ್ರವನ್ನೇ ಕಾಣದ ಬಯಲುಸೀಮೆಯವರಿಗೂ ಈ ಪ್ರಶ್ನೆಗಳು ಹೊರಗಿನವಲ್ಲ. ಬೆಳೆ ಒಣಗುತ್ತಿರುವಾಗ ಕೊಳವೆಬಾವಿಯ ಪಂಪು ನಿಂತರೆ ಹುತ್ತೂರಿನ ರೈತನ ಸಂಕಟವೂ ನಾವಿಕನದರಂತೆಯೇ. ಯಾವ ಭಾಗವು ಏತಕ್ಕೆ ಸವೆಯುವುದೆಂಬುದನ್ನು ತಿಳಿದವನು ಅದು ಮುರಿಯುವ ಮೊದಲೇ ಸಿದ್ಧನಾಗಿರುತ್ತಾನೆ.