ಲಕ್ಷದ್ವೀಪಕ್ಕೆ ಮೊದಲ ಹಡಗು ಪ್ರಯಾಣ

ಪಶ್ಚಿಮ ಕರಾವಳಿಯ ಕನ್ನಡಿಗರಿಗೆ ಹಡಗಿನ ಪ್ರಯಾಣವು ಹೊಸತೇನಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಗಳೂರು, ಕಾರವಾರಗಳ ಕಡೆಯಿಂದ ಉದ್ಯೋಗವನ್ನರಸಿ ಹೊರಟ ಅನೇಕರು ಆಗಬೋಟನ್ನೇರಿಯೇ ಮುಂಬಯಿಯನ್ನು ಸೇರಿದವರು. ರಸ್ತೆಗಳು ಸುಧಾರಿಸಿ, 1998ರಲ್ಲಿ ಕೊಂಕಣ ರೈಲುಮಾರ್ಗವೂ ಪೂರ್ಣಗೊಂಡ ತರುವಾಯ ಆ ಅನುಭವವು ಹಿರಿಯರ ನೆನಪಿನಲ್ಲಷ್ಟೇ ಉಳಿಯಿತು. ವಿಮಾನದಲ್ಲಿ ಹತ್ತಾರು ಬಾರಿ ಪಯಣಿಸಿದ್ದರೂ ಹಡಗಿನ ಮೆಟ್ಟಿಲನ್ನು ಒಮ್ಮೆಯೂ ತುಳಿಯದವರೇ ಇಂದು ಹೆಚ್ಚು. ಅಂಥವರು ಮೊದಲ ಕಡಲಯಾನಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸಂಚರಿಸುವ ಪ್ರಯಾಣಿಕರ ಹಡಗುಗಳಲ್ಲಿ ಈ ಅನುಭವವು ಸ್ವದೇಶದಲ್ಲಿಯೇ ದೊರೆಯುತ್ತದೆ.

ಲಕ್ಷದ್ವೀಪವು ಸುಮಾರು 32 ಚದರ ಕಿಲೋಮೀಟರ್ ವಿಸ್ತೀರ್ಣದ ಕೇಂದ್ರಾಡಳಿತ ಪ್ರದೇಶ. ಇಲ್ಲಿನ 36 ದ್ವೀಪಗಳಲ್ಲಿ ಜನವಸತಿ ಇರುವವು ಹತ್ತು ಮಾತ್ರ. ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ಮತ್ತು ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು ಎಂಬುದು ಕನ್ನಡಿಗರಲ್ಲಿಯೂ ಅನೇಕರಿಗೆ ತಿಳಿಯದ ಸಂಗತಿ. ಕೊಚ್ಚಿಯಿಂದ ರಾಜಧಾನಿ ಕವರತ್ತಿಗೆ 404 ಕಿಲೋಮೀಟರ್, ಕಲ್ಪೇನಿಗೆ 287 ಹಾಗೂ ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್‌ಗೆ 398 ಕಿಲೋಮೀಟರ್ ದೂರವಿದೆ. ಹಡಗು ಹಾಗೂ ದ್ವೀಪಕ್ಕೆ ಅನುಸಾರವಾಗಿ ಪ್ರಯಾಣವು 14ರಿಂದ 20 ತಾಸುಗಳವರೆಗೆ ಹಿಡಿಯುತ್ತದೆ.

ಈ ದ್ವೀಪಗಳನ್ನು ಪ್ರವೇಶಿಸಲು ಭಾರತೀಯ ನಾಗರಿಕರಿಗೂ ಪರವಾನಗಿ ಅಗತ್ಯ. ಸ್ಥಳೀಯ ಜನರ ಹಿತರಕ್ಷಣೆಗಾಗಿ 1967ರಲ್ಲಿ ಜಾರಿಗೆ ಬಂದ ನಿಯಮಗಳು ಇದಕ್ಕೆ ಆಧಾರ. ಪರವಾನಗಿ ಕೈಸೇರುವ ಮುನ್ನ ರೈಲು ಟಿಕೆಟ್ಟು ಕಾದಿರಿಸಿ ಪರಿತಪಿಸುವವರು ಕಡಿಮೆಯಿಲ್ಲ. ಮುಂಬಯಿ, ದೆಹಲಿ, ಹೈದರಾಬಾದುಗಳಂತಹ ದೂರದ ಊರುಗಳಿಂದ ಹೊರಡುವವರು ಇನ್ನೊಂದು ವಿಷಯವನ್ನೂ ಗಮನದಲ್ಲಿಡುವುದು ಒಳ್ಳೆಯದು. ಹಡಗು ಹೊರಡುವ ಹಿಂದಿನ ದಿನವೇ ಕೊಚ್ಚಿಯನ್ನು ತಲುಪಿರಬೇಕು. ಮರಳುವ ರೈಲನ್ನು ಹಡಗು ದಡ ಸೇರುವ ದಿನಕ್ಕೇ ಕಾದಿರಿಸಬಾರದು. ಹವಾಮಾನವು ಪ್ರತಿಕೂಲವಾದರೆ ಹಡಗಿನ ವೇಳಾಪಟ್ಟಿ ಬದಲಾಗುತ್ತದೆ. ಸಮುದ್ರದ ಮುಂದೆ ಯಾರ ಟಿಕೆಟ್ಟೂ ನಡೆಯದು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರವು ಪ್ರಕ್ಷುಬ್ಧವಾಗಿರುವುದರಿಂದ ಅಕ್ಟೋಬರಿನಿಂದ ಮೇ ತಿಂಗಳ ಮಧ್ಯದವರೆಗಿನ ಅವಧಿಯೇ ಪ್ರವಾಸಕ್ಕೆ ಯೋಗ್ಯವಾದುದು.

ಹಡಗನ್ನೇರಿದ ಹೊಸಬರ ಗಮನವೆಲ್ಲ ಸಹಜವಾಗಿಯೇ ಕ್ಯಾಬಿನ್ನು, ಊಟ ಮತ್ತು ಛಾಯಾಚಿತ್ರಗಳ ಕಡೆಗಿರುತ್ತದೆ. ಆಗ ಧ್ವನಿವರ್ಧಕದಲ್ಲಿ ಸುರಕ್ಷತಾ ಕವಾಯತಿನ ಕರೆ ಬಂದರೆ ಅದು ಬೇಸರದ ಸಂಗತಿಯಾಗಿ ತೋರಬಹುದು. ಆದರೆ ಈ ಕವಾಯತಿನ ಹಿಂದೆ ಅನೇಕ ಜೀವಗಳ ಕಥೆಯಿದೆ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅದರಲ್ಲಿದ್ದ ಎಲ್ಲರಿಗೂ ಸಾಲುವಷ್ಟು ರಕ್ಷಣಾ ದೋಣಿಗಳೇ ಇರಲಿಲ್ಲ. ಕಡಲಿನಲ್ಲಿ ಜೀವರಕ್ಷಣೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಒಪ್ಪಂದವು 1914ರಲ್ಲಿ ರೂಪುಗೊಂಡುದು ಆ ದುರಂತದ ಫಲವಾಗಿ. ನೂರು ವರ್ಷಗಳ ಬಳಿಕ, 2012ರ ಜನವರಿ 13ರಂದು, ಇಟಲಿಯ ಕೋಸ್ಟಾ ಕಾನ್ಕಾರ್ಡಿಯಾ ಎಂಬ ವಿಹಾರ ನೌಕೆಯು ಬಂಡೆಗೆ ತಗುಲಿ ಮಗುಚಿದಾಗ 32 ಜನರು ಅಸುನೀಗಿದರು. ಅದೇ ದಿನ ಹಡಗನ್ನೇರಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ನಡೆದಿರಲಿಲ್ಲ. ಆಗಿನ ನಿಯಮದ ಪ್ರಕಾರ 24 ತಾಸುಗಳ ಕಾಲಾವಕಾಶವಿದ್ದಿತು. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ನಡೆಯಬೇಕೆಂಬ ತಿದ್ದುಪಡಿಯು 2015ರಿಂದ ಜಾರಿಗೆ ಬಂದಿತು.

ಇಂತಹ ಘಟನೆಗಳು ಪರದೇಶಕ್ಕೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. 2021ರ ಡಿಸೆಂಬರ್ ಆರಂಭದಲ್ಲಿ ಲಕ್ಷದ್ವೀಪದ ‘ಎಂ. ವಿ. ಕವರತ್ತಿ’ ಹಡಗಿನ ಎಂಜಿನ್ ಕೋಣೆಯಲ್ಲಿ ನಡುಗಡಲಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಂಕಿಯನ್ನು ಹತೋಟಿಗೆ ತರಲಾಯಿತು. ತಟರಕ್ಷಣಾ ಪಡೆಯು ನೆರವಿಗೆ ಧಾವಿಸಿತು. ಪ್ರಯಾಣಿಕರೆಲ್ಲರೂ ಸುರಕ್ಷಿತವಾಗಿ ಪಾರಾದರು. ಏಳು ಸಲ ಚಿಕ್ಕದಾಗಿ, ಒಂದು ಸಲ ದೀರ್ಘವಾಗಿ ಮೊಳಗುವ ಸೀಟಿಯು ಅಪಾಯದ ಸಂಕೇತ. ಇದನ್ನು ಕೇಳಿದೊಡನೆ ಸಾಮಾನುಗಳನ್ನು ಬಿಟ್ಟು, ಲೈಫ್ ಜಾಕೆಟ್ ಧರಿಸಿ, ತಮಗೆ ಗೊತ್ತುಪಡಿಸಿದ ಸ್ಥಳದಲ್ಲಿ ಸೇರಬೇಕು. ಕ್ಯಾಬಿನ್ನಿನಿಂದ ಆ ಸ್ಥಳಕ್ಕೆ ಹೋಗುವ ದಾರಿಯನ್ನು ಹಗಲಿನಲ್ಲಿಯೇ ಒಮ್ಮೆ ನಡೆದು ನೋಡುವುದು ಲೇಸು. ದೀಪಗಳು ಆರಿದಾಗ ನೆರವಿಗೆ ಬರುವುದು ಕಾಲಿನ ನೆನಪೇ. ಮಕ್ಕಳಿಗೆ ಅವರ ಅಳತೆಯ ಜಾಕೆಟ್ ಇದೆಯೇ ಎಂದು ಮೊದಲ ದಿನವೇ ಸಿಬ್ಬಂದಿಯನ್ನು ವಿಚಾರಿಸಲು ಸಂಕೋಚಪಡಬಾರದು.

ಹೊಸಬರನ್ನು ಹೆಚ್ಚು ಕಾಡುವ ಭಯವೆಂದರೆ ತಲೆಸುತ್ತು ಮತ್ತು ವಾಂತಿ. ಇದು ದೌರ್ಬಲ್ಯದ ಲಕ್ಷಣವೇನೂ ಅಲ್ಲ. ಬ್ರಿಟನ್ನಿನ ಹೆಸರಾಂತ ನೌಕಾ ಸೇನಾನಿ ನೆಲ್ಸನ್ನನೇ ಇದರಿಂದ ಬಳಲುತ್ತಿದ್ದನು. ದೇಹದ ಸಮತೋಲನವನ್ನು ಅರಿಯುವ ಅಂಗವು ಒಳಗಿವಿಯಲ್ಲಿದೆ. ಹಡಗು ತೊನೆಯುತ್ತಿರುವುದನ್ನು ಕಿವಿಯು ಮಿದುಳಿಗೆ ತಿಳಿಸುತ್ತದೆ. ಆದರೆ ಕ್ಯಾಬಿನ್ನಿನೊಳಗೆ ಕುಳಿತವನ ಕಣ್ಣಿಗೆ ಗೋಡೆಯೂ ಮಂಚವೂ ನಿಶ್ಚಲವಾಗಿಯೇ ಕಾಣುತ್ತವೆ. ಈ ಎರಡು ವರದಿಗಳ ವಿರೋಧವೇ ಹೊಟ್ಟೆ ತೊಳಸುವಿಕೆಗೆ ಕಾರಣ. ಆದುದರಿಂದ ಅಸ್ವಸ್ಥತೆ ತೋರಿದೊಡನೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಪುಸ್ತಕ ಓದತೊಡಗುವುದು ಸರಿಯಲ್ಲ. ಮೇಲಂತಸ್ತಿನ ತೆರೆದ ಗಾಳಿಗೆ ಬಂದು, ಬಾನು ಮತ್ತು ಕಡಲು ಕೂಡುವ ಗೆರೆಯನ್ನು ದಿಟ್ಟಿಸಿ ನೋಡುವುದರಿಂದ ಕಣ್ಣು, ಕಿವಿಗಳ ವರದಿಗಳು ಮತ್ತೆ ಹೊಂದಿಕೊಳ್ಳುತ್ತವೆ. ಉಯ್ಯಾಲೆಯಂತೆಯೇ ಹಡಗಿನ ತುದಿಗಳು ಹೆಚ್ಚು ಆಡುತ್ತವೆ. ನಡುಭಾಗದ ಕೆಳ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಬರಿಹೊಟ್ಟೆಯೂ ಬೇಡ, ಕರಿದ ತಿಂಡಿಯಿಂದ ತುಂಬಿದ ಹೊಟ್ಟೆಯೂ ಬೇಡ. ಇಡ್ಲಿ, ಮೊಸರನ್ನ, ಒಂದು ಚೂರು ಶುಂಠಿ ಒಗ್ಗುತ್ತವೆ. ಮಾತ್ರೆಗಳು ವಾಂತಿ ಆರಂಭವಾದ ಮೇಲೆ ಅಷ್ಟಾಗಿ ಫಲಿಸುವುದಿಲ್ಲ. ವೈದ್ಯರ ಸಲಹೆ ಪಡೆದು ಹಡಗು ಹೊರಡುವ ಮುನ್ನವೇ ಸೇವಿಸಬೇಕು. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ. ಬಹುಮಂದಿಗೆ ಒಂದೆರಡು ದಿನಗಳಲ್ಲಿ ಕಡಲು ಅಭ್ಯಾಸವಾಗುತ್ತದೆ.

ಈ ಯಾನದ ನಿಜವಾದ ಪರೀಕ್ಷೆಯೆಂದರೆ ಇಳಿಯುವ ಹೊತ್ತು. ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳೊಳಗಿನ ನೀರು ಆಳವಿಲ್ಲದ್ದು. ದೊಡ್ಡ ಹಡಗುಗಳು ಅದರೊಳಗೆ ಬರಲಾರವು. ಕಟ್ಟೆಗೆ ಹೊಂದಿಕೊಂಡು ನಿಲ್ಲಲು ಅನುಕೂಲವಿಲ್ಲದಾಗ ಹಡಗು ದಿಬ್ಬದ ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಅದರ ಪಕ್ಕದ ಬಾಗಿಲಿನಿಂದ ಚಿಕ್ಕ ದೋಣಿಗೆ ದಾಟಬೇಕಾಗುತ್ತದೆ. ದೋಣಿಯು ಅಲೆಯೊಂದಿಗೆ ಏರುತ್ತ ಇಳಿಯುತ್ತ ಇರುತ್ತದೆ. ಅದು ಮೇಲಕ್ಕೆ ಬಂದ ಕ್ಷಣದಲ್ಲಿ ನಾವಿಕನು ಕೈಹಿಡಿದು ‘ಈಗ’ ಎಂದಾಗ ಹೆಜ್ಜೆಯಿಡಬೇಕು. ತಮ್ಮದೇ ಲೆಕ್ಕಾಚಾರದಲ್ಲಿ ಜಿಗಿಯುವುದಾಗಲಿ, ಅನುಮಾನಿಸಿ ಅರ್ಧದಲ್ಲಿ ಕಾಲು ಹಿಂತೆಗೆಯುವುದಾಗಲಿ ಅಪಾಯಕರ. ಎರಡೂ ಕೈಗಳು ಬರಿದಾಗಿರಬೇಕು. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಬೇಕು ಅಥವಾ ಸಿಬ್ಬಂದಿಗೆ ಒಪ್ಪಿಸಬೇಕು. ಸೀರೆಯ ನೆರಿಗೆ ಕಾಲಿಗೆ ತೊಡರದಂತೆ ಎತ್ತಿಕಟ್ಟುವುದು ಅವಶ್ಯ. ಮಂಡಿನೋವು ಇರುವ ಹಿರಿಯರು ಮತ್ತು ಗರ್ಭಿಣಿಯರು ಈ ವಿಷಯವನ್ನು ಟಿಕೆಟ್ಟು ಕೊಳ್ಳುವ ಮುನ್ನವೇ ವಿಚಾರಿಸಿ, ವೈದ್ಯರೊಡನೆ ಮಾತನಾಡಿ ನಿರ್ಧರಿಸುವುದು ಉತ್ತಮ. ಅಪ್ಪ ಅಮ್ಮಂದಿರಿಗೆ ಕಡಲು ತೋರಿಸುವ ಹಂಬಲದಿಂದ ಟಿಕೆಟ್ಟು ತರುವ ಮಕ್ಕಳು ಈ ಒಂದು ಹೆಜ್ಜೆಯನ್ನು ಯೋಚಿಸಿರುವುದಿಲ್ಲ.

ಪ್ರವಾಸೋದ್ಯಮಕ್ಕಾಗಿ ಲಕ್ಷದ್ವೀಪ ಆಡಳಿತವು ರೂಪಿಸಿದ ‘ಸಮುದ್ರಂ’ ಯೋಜನೆಯಲ್ಲಿ ರಾತ್ರಿ ಹಡಗಿನಲ್ಲಿ ಪ್ರಯಾಣ, ಹಗಲು ದ್ವೀಪದರ್ಶನ ಎಂಬ ಕ್ರಮವಿದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳು ಇದರಲ್ಲಿ ಸೇರಿವೆ. ಮಿನಿಕಾಯ್‌ನಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಉಳಿದ ದ್ವೀಪಗಳಲ್ಲಿ ಮಲಯಾಳದ ಒಂದು ಪ್ರಭೇದವಿದ್ದರೆ, ಇಲ್ಲಿಯ ಜನರ ಮಾತು ಮಾಲ್ದೀವಿನ ಭಾಷೆಗೆ ಸೇರಿದ ಮಹಲ್. ಹವಳದ ಒಂದು ತುಣುಕನ್ನು ಕೂಡ ಎತ್ತಿಕೊಂಡು ಬರುವುದು ವನ್ಯಜೀವಿ ಸಂರಕ್ಷಣಾ ಕಾನೂನಿನಡಿ ಅಪರಾಧ. ಸತ್ತ ಹವಳವೆಂಬ ಸಬೂಬು ನಡೆಯದು.

ದಡದಿಂದ ದೂರ ಸರಿದಂತೆ ಮೊಬೈಲ್ ದೂರವಾಣಿ ಮೌನವಾಗುತ್ತದೆ. 2024ರ ಜನವರಿಯಲ್ಲಿ ಉದ್ಘಾಟನೆಗೊಂಡ ಕಡಲಡಿಯ ತಂತಿಯು ಕೊಚ್ಚಿಯನ್ನು ದ್ವೀಪಗಳಿಗೆ ಜೋಡಿಸಿದೆಯಾದರೂ ನಡುಗಡಲಿನ ಹಡಗಿಗೆ ಅದರಿಂದ ಪ್ರಯೋಜನವಿಲ್ಲ. ರಾತ್ರಿ ಫೋನು ಬಾರದಿದ್ದರೆ ಗಾಬರಿಯಾಗಬಾರದೆಂದು ಮನೆಯವರಿಗೆ ಮೊದಲೇ ಹೇಳಿ ಹೊರಡಬೇಕು. ನಿತ್ಯ ಸೇವಿಸುವ ಔಷಧಿಗಳನ್ನು ಪ್ರಯಾಣದ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡಿರಬೇಕು.

ಮರಳಿ ಕೊಚ್ಚಿಯಲ್ಲಿ ಇಳಿದ ಮೇಲೆ ಕೆಲವರಿಗೆ ಗಟ್ಟಿ ನೆಲವೇ ತೂಗಿದಂತಾಗುತ್ತದೆ. ತೊನೆತಕ್ಕೆ ಹೊಂದಿಕೊಂಡಿದ್ದ ಮಿದುಳು ಸ್ಥಿರತೆಗೆ ಮರಳಲು ಸ್ವಲ್ಪ ಸಮಯ ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ವಾರಗಟ್ಟಲೆ ಮುಂದುವರಿದರೆ ಕಿವಿಯ ವೈದ್ಯರನ್ನು ಕಾಣಬೇಕು.