ಕುಲಾಂತರಿ ಬೆಳೆಗಳೂ ಅನುಮತಿಯ ವಿವಾದವೂ

ಬದನೆಯ ಬೇಸಾಯ ಮಾಡುವವರೆಲ್ಲರಿಗೂ ಕುಡಿಯನ್ನೂ ಕಾಯನ್ನೂ ಕೊರೆಯುವ ಹುಳುವಿನ ಉಪದ್ರವವು ತಿಳಿದೇ ಇರುತ್ತದೆ. ಹುಳುವು ಕಾಯಿಯನ್ನು ಹೊಕ್ಕ ಮೇಲೆ ಹೊರಗಿನಿಂದ ಸಿಂಪಡಿಸಿದ ಔಷಧವು ಅದನ್ನು ಮುಟ್ಟಲಾರದು. ಆದಕಾರಣ ರೈತರು ಮೇಲಿಂದ ಮೇಲೆ ಔಷಧಕ್ಕಾಗಿ ಹಣ ವೆಚ್ಚಮಾಡಬೇಕಾಗುವುದು. ಈ ಕಷ್ಟದ ನಿವಾರಣೆಗಾಗಿ, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ವಂಶವಾಹಿಯನ್ನು ಬದನೆಯೊಳಕ್ಕೆ ಸೇರಿಸಿ, ಹುಳುವಿಗೆ ಮಾರಕವಾದ ಪ್ರೋಟೀನು ಗಿಡದಲ್ಲಿಯೇ ಉಂಟಾಗುವಂತೆ ಮಾಡಲಾಯಿತು. ಇದೇ ಬಿ.ಟಿ. ಬದನೆ. ಹೀಗೆ ಅನ್ಯ ಜೀವಿಯ ವಂಶವಾಹಿಯನ್ನು ಪಡೆದ ಬೆಳೆಗಳಿಗೆ ಕುಲಾಂತರಿ ಬೆಳೆಗಳೆಂದು ಹೆಸರು. ನಮ್ಮ ಸೀಮೆಯ ಬದನೆ ತಳಿಗಳಲ್ಲಿ ಈ ಗುಣವನ್ನು ತರುವ ಕಾರ್ಯದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರೂ ಭಾಗಿಗಳಾಗಿದ್ದರು.

ಇಂತಹ ಬೆಳೆಗಳು ೧೯೮೬ನೆಯ ಇಸವಿಯ ಪರಿಸರ ಸಂರಕ್ಷಣಾ ಕಾಯಿದೆಗೂ ೧೯೮೯ನೆಯ ಇಸವಿಯ ನಿಯಮಗಳಿಗೂ ಒಳಪಟ್ಟಿವೆ. ಈ ನಿಯಮಗಳ ಮೇರೆಗೆ ಏರ್ಪಟ್ಟ ಕೇಂದ್ರ ಸಮಿತಿಯು ೨೦೦೯ನೆಯ ಅಕ್ಟೋಬರ್ ೧೪ರಂದು ಬಿ.ಟಿ. ಬದನೆಯನ್ನು ಬೆಳೆಯಲು ಅನುಮತಿ ಕೊಡಬಹುದೆಂದು ಶಿಫಾರಸು ಮಾಡಿತು. ಕೂಡಲೇ ದೇಶದಲ್ಲೆಲ್ಲಾ ವಿವಾದವೆದ್ದಿತು. ಅಂದಿನ ಪರಿಸರ ಮಂತ್ರಿಗಳಾಗಿದ್ದ ಜೈರಾಂ ರಮೇಶರು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಭೆಗಳನ್ನು ಕರೆದು ರೈತರ, ವಿಜ್ಞಾನಿಗಳ ಮತ್ತು ಸಾರ್ವಜನಿಕರ ಅಭಿಪ್ರಾಯಗಳನ್ನು ಕೇಳಿದರು.

ಪರವಾದಿಗಳು ಹೇಳಿದ್ದೇನೆಂದರೆ: ಈ ಪ್ರೋಟೀನು ಹುಳುವಿನ ಕ್ಷಾರಯುಕ್ತವಾದ ಕರುಳಿನಲ್ಲಿ ಮಾತ್ರ ವಿಷವಾಗುವುದು, ಮನುಷ್ಯರ ಹೊಟ್ಟೆಯಲ್ಲಿ ಅದು ಜೀರ್ಣವಾಗಿ ಹೋಗುವುದು, ಔಷಧದ ಖರ್ಚು ತಗ್ಗುವುದು. ವಿರೋಧಿಗಳು ಹೇಳಿದ್ದೇನೆಂದರೆ: ಪರೀಕ್ಷೆಗಳನ್ನು ಬಹುಮಟ್ಟಿಗೆ ಬೀಜವನ್ನು ಮಾರುವವರೇ ಮಾಡಿಸಿದ್ದಾರೆ, ಪ್ರಾಣಿಗಳ ಮೇಲೆ ತೊಂಬತ್ತು ದಿನ ನಡೆದ ಪರೀಕ್ಷೆಯು ಸಾಲದು, ನಾನಾ ಬಗೆಯ ಬದನೆಗಳಿರುವ ಈ ದೇಶದಲ್ಲಿ ಹೊಸ ಗುಣವು ಪರಾಗದ ಮೂಲಕ ನಾಟಿ ತಳಿಗಳಿಗೂ ಹರಡಬಹುದು. ಹಲವು ರಾಜ್ಯ ಸರ್ಕಾರಗಳೂ ಆಕ್ಷೇಪಿಸಿದವು. ೨೦೧೦ನೆಯ ಫೆಬ್ರವರಿ ೯ರಂದು ಮಂತ್ರಿಗಳು ಅನುಮತಿಯನ್ನು ತಡೆಹಿಡಿದರು. ಬಿ.ಟಿ. ಬದನೆಯು ಅಪಾಯಕರವೆಂದು ಅವರು ತೀರ್ಮಾನಿಸಲಿಲ್ಲ. ಜನರಿಗೂ ತಜ್ಞರಿಗೂ ಒಪ್ಪಿಗೆಯಾಗುವಂತೆ ಸ್ವತಂತ್ರ ಪರೀಕ್ಷೆಗಳು ನಡೆಯುವ ತನಕ ಕಾಯತಕ್ಕದ್ದೆಂದರು. ನೆರೆಯ ಬಾಂಗ್ಲಾದೇಶದವರಾದರೋ ೨೦೧೩ರಲ್ಲಿ ಬಿ.ಟಿ. ಬದನೆಗೆ ಅನುಮತಿಯನ್ನಿತ್ತರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಊಟದೆಲೆಗೆ ಬರುವ ಬೆಳೆಯ ವಿಷಯದಲ್ಲಿ ಇಷ್ಟು ಚರ್ಚೆ ನಡೆಯಿತಾದರೂ, ದನಗಳ ಗೋದಲಿಗೆ ಅಂತಹ ವಸ್ತುವು ಮೊದಲೇ ಬಂದಿದ್ದಿತು. ಹೇಗೆಂದರೆ, ಬಿ.ಟಿ. ಹತ್ತಿಗೆ ೨೦೦೨ರಲ್ಲಿಯೇ ಅನುಮತಿ ದೊರೆತಿದ್ದಿತು. ಹತ್ತಿಯನ್ನು ನೂಲಿಗಾಗಿ ಬೆಳೆಯುವುದು ನಿಜ. ಆದರೆ ಅದರ ಬೀಜದ ಎಣ್ಣೆಯನ್ನು ಜನರು ಉಪಯೋಗಿಸುವರು, ಹಿಂಡಿಯನ್ನು ಕರೆಯುವ ದನಗಳಿಗೆ ಹಾಕುವರು. ಮುಂದೆ ೨೦೨೧ನೆಯ ಆಗಸ್ಟಿನಲ್ಲಿ ಕೋಳಿಯ ಆಹಾರದ ಬೆಲೆಯು ಬಹಳವಾಗಿ ಏರಿದಾಗ, ಕೇಂದ್ರ ಸರ್ಕಾರದವರು ೧೨ ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ಹೊರದೇಶಗಳಿಂದ ತರಿಸಲು ಅವಕಾಶವಿತ್ತರು. ಎಣ್ಣೆ ತೆಗೆದ ಹಿಂಡಿಯಲ್ಲಿ ಮೊಳೆಯಬಲ್ಲ ಬೀಜವಿಲ್ಲವಾದುದರಿಂದ ಹೊಲಗಳಿಗೆ ಹರಡುವ ಭಯವಿಲ್ಲವೆಂಬುದು ಇದಕ್ಕೆ ಆಧಾರ. ಕೋಳಿ ಸಾಕುವವರಿಗೆ ಇದರಿಂದ ಸಮಾಧಾನವಾಯಿತು. ಸೋಯಾ ಬೆಳೆಗಾರರಿಗೆ ಧಾರಣೆ ಕುಸಿಯುವ ಚಿಂತೆ ಉಂಟಾಯಿತು.

ಸಾಸುವೆಯ ವಿಷಯದಲ್ಲಿಯೂ ವಿವಾದವು ಮುಗಿದಿಲ್ಲ. ಡಿ.ಎಂ.ಎಚ್. ೧೧ ಎಂಬ ಕುಲಾಂತರಿ ಸಾಸುವೆಗೆ ೨೦೨೨ರಲ್ಲಿ ದೊರೆತ ಅನುಮತಿಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ೨೦೨೪ನೆಯ ಜುಲೈ ೨೩ರಂದು ಭಿನ್ನವಾದ ತೀರ್ಪುಗಳನ್ನು ಕೊಟ್ಟರು. ಆದಾಗ್ಯೂ, ಕುಲಾಂತರಿ ಬೆಳೆಗಳ ವಿಷಯದಲ್ಲಿ ಒಂದು ರಾಷ್ಟ್ರೀಯ ನೀತಿಯು ಅವಶ್ಯಕವೆಂಬುದನ್ನು ಇಬ್ಬರೂ ಒಪ್ಪಿದರು.

ಈ ಸಂಗತಿಗಳಿಂದ ತಿಳಿಯಬೇಕಾದುದಿಷ್ಟು. ಬೆಳೆಯುವುದು, ತಿನ್ನುವುದು, ದನಕರುಗಳಿಗೆ ಹಾಕುವುದು, ಇವು ಮೂರೂ ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಸಿಕ್ಕಿದ ಅನುಮತಿಯು ಮತ್ತೊಂದಕ್ಕೆ ಸಲ್ಲದು. ಪ್ರಯೋಗಶಾಲೆಯ ಪರೀಕ್ಷೆಯು ಎಷ್ಟು ಮುಖ್ಯವೋ, ಅದನ್ನು ಲಾಭದ ಸಂಬಂಧವಿಲ್ಲದವರು ಮಾಡಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವುದೂ ಅಷ್ಟೇ ಮುಖ್ಯ. ಅಲ್ಲಿಯವರೆಗೆ ರೈತರು ಅನುಮತಿಯಿಲ್ಲದ ಬೀಜಗಳನ್ನು ಗುಟ್ಟಾಗಿ ಮಾರುವವರ ಮಾತಿಗೆ ಮರುಳಾಗಬಾರದು. ಅಂತಹ ಬೀಜಕ್ಕೆ ರಸೀತಿಯಿರದು. ಬೆಳೆ ಕೆಟ್ಟರೆ ಪರಿಹಾರವನ್ನು ಕೇಳಲು ಆಧಾರವೂ ಇರದು.